ಮಂಗೋಲರ ಗುಡಾರಕ್ಕೆ ನಮ್ಮ ಕಂಬಳಿ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಮಾತನ್ನು ಕಟ್ಟಿದವರು ನಮ್ಮ ಹೆಡ್‌ಮಾಸ್ತರರನ್ನು ನೋಡಿಯೇ ಕಟ್ಟಿರಬೇಕು. ಎಪ್ಪತ್ತರ ದಶಕದ ನಡುವಿನ ವರ್ಷಗಳು. ಬೈಲಹೊಂಗಲದಿಂದ ಮುನವಳ್ಳಿಗೆ ಹೋಗುವ ರಸ್ತೆಯ ಮೇಲಿನ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠ ಹೇಳುತ್ತಿದ್ದೆ. ಆಗ ದೂರದೇಶದ ಬಣ್ಣಬಣ್ಣದ ಮಾಸಪತ್ರಿಕೆಯೊಂದು ಅಗ್ಗದ ಚಂದಾಕ್ಕೆ ಸಾಲಿಗೆ ಬರುತ್ತಿತ್ತು. ಹಾಳೆ ನುಣುಪಾಗಿದ್ದರಿಂದ ಹುಡುಗರು ಅದನ್ನು ಪುಸ್ತಕಗಳಿಗೆ ರಟ್ಟು ಹಾಕಲು ಹರಿದೊಯ್ಯುತ್ತಿದ್ದರು. ಅದರ ಒಂದು ಸಂಚಿಕೆಯಲ್ಲಿ ಮಂಗೋಲಿಯಾದ ಅಲೆಮಾರಿ ಕುರಿಗಾರರ ಚಿತ್ರಗಳು ಬಂದವು. ಬಿಳಿಯ ದುಂಡು ಗುಡಾರ, ಅದರ ಮುಂದೆ ಕುದುರೆ, ಕೆಂಪು ಗಲ್ಲದ ಹೆಂಗಸೊಬ್ಬಳ ಕೈಯಲ್ಲಿ ಹಾಲಿನ ಬಟ್ಟಲು.

ಹೆಡ್‌ಮಾಸ್ತರರು ಆ ಚಿತ್ರಕ್ಕೆ ಮರುಳಾಗಿಬಿಟ್ಟರು. ಸ್ಟಾಫ್ ರೂಮಿನಲ್ಲಿ ಅದನ್ನು ಎತ್ತಿ ಹಿಡಿದು, ಎಂಥ ಪುರಾತನ ಸಂಸ್ಕೃತಿ ನೋಡಿ, ಕುರಿಯ ಹಿಂದೆ ನಡೆಯುತ್ತಲೇ ಜನ್ಮ ಕಳೆಯುತ್ತಾರೆ, ಮನೆಗೆ ಬಂದವನಿಗೆ ಹಾಲು ಕೊಡದೆ ಕಳಿಸುವುದಿಲ್ಲ ಎಂದು ರಾಗವಾಗಿ ಓದಿದರು. ಇದೇ ಮನುಷ್ಯ ಅದರ ಹಿಂದಿನ ವಾರವಷ್ಟೇ ಸಾಲಿಯ ಹಿಂದಿನ ಬೀಳಿನಲ್ಲಿ ಇಳಿದಿದ್ದ ಕುರಿಗಾರರ ಮೇಲೆ ಜವಾನನನ್ನು ಬಿಟ್ಟು, ವಾಸನೆ ಬರುತ್ತದೆ, ದೂರ ಹೋಗಿ ಎಂದು ಹೇಳಿಸಿದ್ದರು. ಆ ಕುರಿಹಟ್ಟಿ ನನ್ನ ತಾಯಿಯದು. ಅದು ಅವರಿಗೆ ಗೊತ್ತಿತ್ತು. ನಾನೂ ಅಂದು ಬಾಯಿ ಮುಚ್ಚಿಕೊಂಡಿದ್ದೆ.

ನಮ್ಮವರು ತೊರಗಲ್ ಕಡೆಯವರು. ದೀಪಾವಳಿ ಮುಗಿದ ಮೇಲೆ ಎರಡು ತಟ್ಟುಕುದುರೆಗಳ ಮೇಲೆ ಗಡಿಗೆ, ಬಲೆ, ಕಂಬಳಿ, ಕೋಳಿ, ನಡೆಯಲಾರದ ಮರಿಗಳು ಎಲ್ಲವನ್ನೂ ಹೇರಿಕೊಂಡು ಪಡುವಣಕ್ಕೆ ಹೊರಡುತ್ತಿದ್ದರು. ಸವದತ್ತಿ, ಮುನವಳ್ಳಿ, ಬೈಲಹೊಂಗಲದ ಎರೆಹೊಲ ದಾಟಿ ಬೇಸಿಗೆಗೆ ಕಿತ್ತೂರಿನ ಕಡೆ ಮುಟ್ಟಿ, ಮುಂಗಾರಿನ ಮೊದಲ ಮಳೆ ಬಿದ್ದಾಗ ಹಿಂದಕ್ಕೆ ಹೊರಳುವುದು. ಹೊಲದವರು ತಾವಾಗಿಯೇ ಬಂದು ಕರೆಯುತ್ತಿದ್ದರು. ಎರಡು ರಾತ್ರಿ ಹೊಲದಲ್ಲಿ ಕುರಿ ತರುಬಿಸಿಕೊಂಡರೆ ಎರಡು ವರ್ಷ ಆ ಹೊಲಕ್ಕೆ ಬೇರೆ ಗೊಬ್ಬರ ಬೇಕಾಗಿರಲಿಲ್ಲ. ಜೋಳ ಕೊಟ್ಟು, ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದರು. ಅಪ್ಪ ನನ್ನನ್ನು ಬೈಲಹೊಂಗಲದ ಹುಡುಗಿಯರ ಬೋರ್ಡಿಂಗಿಗೆ ಬಿಟ್ಟ. ಅವನು ತೀರಿದ ಮೇಲೆ ಹಟ್ಟಿಯನ್ನು ಅವ್ವ ತಾನೇ ನಡೆಸಿದಳು, ಜೊತೆಗೆ ನನ್ನ ಅಣ್ಣ.

ಆಮೇಲೆ ಅಣೆಕಟ್ಟು ಬಂತು. ನಾವು ತಲೆತಲಾಂತರದಿಂದ ಇಳಿಯುತ್ತಿದ್ದ ಮಲಪ್ರಭೆಯ ದಂಡೆಗಳ ಮೇಲೆ ನೀರು ನಿಂತಿತು. ಉಳಿದ ಹೊಲಗಳಿಗೆ ಕಾಲುವೆ ಹರಿಯಿತು, ಚೀಲದ ಗೊಬ್ಬರ ಬಂತು, ಹೈಬ್ರಿಡ್ ಹತ್ತಿ ಬಂತು. ಕುರಿಯ ಹಿಕ್ಕೆ ಯಾರಿಗೂ ಬೇಡವಾಯಿತು. ಕರೆದು ಕೂರಿಸುತ್ತಿದ್ದವರ ಮಕ್ಕಳು ಬಡಿಗೆ ಹಿಡಿದು ಬದುವಿನ ಮೇಲೆ ನಿಂತರು. ಇದನ್ನು ಪ್ರಗತಿ ಎಂದು ನಾನೇ ತರಗತಿಯಲ್ಲಿ ಪಾಠ ಹೇಳುತ್ತಿದ್ದೆ, ಹೊಟ್ಟೆಪಾಡು.

ಆ ವರ್ಷದ ಸಂಕಟ ಇದು: ಹಟ್ಟಿ ಇಳಿದಿದ್ದ ಬೀಳಿಗೂ ಹಳ್ಳಕ್ಕೂ ನಡುವೆ ನಮ್ಮ ಸಾಲಿಯ ಚೇರಮನ್ನರ ಹತ್ತಿಹೊಲ. ಹೊಲದ ಅಂಚಿನಲ್ಲಿ ಹಳೆಯದೊಂದು ಬಂಡಿದಾರಿ. ಅವರ ತಂದೆಯ ಕಾಲದಿಂದ ನಮ್ಮ ಕುರಿ ಅದರ ಮೇಲೆಯೇ ನೀರಿಗೆ ಇಳಿಯುತ್ತಿದ್ದವು. ಆ ವರ್ಷ ಚೇರಮನ್ನರು ಅದರ ಬಾಯಿಗೆ ಜಾಲಿಮುಳ್ಳು ಹೇರಿ ದಾರಿ ಮುಚ್ಚಿದ್ದರು. ಹೊಸದಾಗಿ ಈದ ಕುರಿಗಳು, ಹುಟ್ಟಿ ವಾರವಾಗದ ಮರಿಗಳು. ಊರ ಬಾವಿಯಿಂದ ಕೊಡದಲ್ಲಿ ಹೊತ್ತು ತಂದ ನೀರು ನಾಲಿಗೆ ತೋಯಿಸಲೂ ಸಾಲದು. ಬೇರೆ ನೀರೆಂದರೆ ಮುನವಳ್ಳಿಯ ಹಿನ್ನೀರು, ಒಂದು ಹಗಲಿನ ನಡಿಗೆ. ಆ ರಸ್ತೆಯುದ್ದಕ್ಕೂ ಕಾಲುವೆಯ ಹೊಲಗಳು, ಪ್ರತಿ ಬದುವಿಗೂ ಒಂದು ಜಗಳ. ಹಿಂದಿನ ವರ್ಷ ಅದೇ ರಸ್ತೆಯಲ್ಲಿ ಅಣ್ಣನ ತಲೆ ಒಡೆದಿದ್ದರು.

ಅವ್ವ ಸಾಲಿಯ ಗೇಟಿಗೆ ಬಂದು ನನ್ನನ್ನು ಕರೆಸಿದಳು. ಇಷ್ಟು ಓದಿದ್ದೀ, ಒಬ್ಬ ಮನುಷ್ಯನಿಗೆ ಒಂದು ಮಾತು ಹೇಳಲಾರೆಯಾ ಎಂದಳು. ಸಂಬಳ ಕೊಡುವವನಿಗೆ ನಾನು ಏನು ಹೇಳಲಿ ಎಂದೆ. ಹಾಗಾದರೆ ಸಾಲಿ ಕಲಿತು ಕಲಿತದ್ದೇನು, ಕುಂಡಿ ಕೆಳಗೆ ಕುರ್ಚಿ ಹಾಕಿಕೊಳ್ಳುವುದೋ ಎಂದು ಕೇಳಿದಳು. ಜವಾನ ನಿಂತು ಕೇಳುತ್ತಿದ್ದ. ನಮ್ಮಿಬ್ಬರಿಗೂ ಮೂಗಿನ ತುದಿಯ ಮೇಲೇ ಸಿಟ್ಟು. ಅವಳು ಉಗುಳಿ ಹೋದಳು, ನಾನು ಬಾಗಿಲು ಹಾಕಿದೆ.

ಅಷ್ಟರಲ್ಲಿ ಇನ್ಸ್‌ಪೆಕ್ಟರರ ಭೇಟಿ ನಿಶ್ಚಯವಾಯಿತು. ಅವರ ಮುಂದೆ 'ಜಗತ್ತಿನ ಜನಜೀವನ' ಎಂಬ ಪ್ರದರ್ಶನ ಮಾಡಬೇಕು, ಅದರ ನಡುವೆ ಮಂಗೋಲರ ಗುಡಾರವೊಂದು ನಿಲ್ಲಬೇಕು ಎಂದು ಹೆಡ್‌ಮಾಸ್ತರರು ಹಟ ಹಿಡಿದರು. ಉಣ್ಣೆಯ ಹೊದಿಕೆ ಎಲ್ಲಿಂದ ಬರಬೇಕು? ನನ್ನ ಕಡೆ ನೋಡಿ ಹಲ್ಲು ಕಿರಿದರು. ವಾಸನೆ ಆಗ ಎಲ್ಲಿ ಹೋಯಿತೋ ದೇವರೇ ಬಲ್ಲ.

ನಾನು ಕರಾರು ಹಾಕಿದೆ. ಕಂಬಳಿ ಕೊಡಿಸುತ್ತೇನೆ, ಗುಡಾರ ಹಾಕಿಸುತ್ತೇನೆ, ನನ್ನ ತಾಯಿಯೇ ಒಳಗೆ ಕುಳಿತು ಬಂದವರಿಗೆ ಹಾಲು ಕೊಡುತ್ತಾಳೆ, ಆದರೆ ಚೇರಮನ್ನರು ಬಂಡಿದಾರಿಯ ಮುಳ್ಳು ತೆಗೆಸಬೇಕು. ಹೆಡ್‌ಮಾಸ್ತರರು ಹೋಗಿ ಕೇಳಿ ಬಂದರು. ಆಗಲಿ, ನೋಡೋಣಂತ ಎಂದಿದ್ದಾರೆ ಎಂದರು. ಅದನ್ನೇ ಹೊತ್ತು ಬೀಳಿಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ಮರಿಯೊಂದರ ಬಾಯಿಗೆ ತಾಯಿಕುರಿಯ ಮೊಲೆ ಹಿಡಿಸುತ್ತ ಕುಳಿತಿದ್ದವಳು ತಲೆ ಎತ್ತಲಿಲ್ಲ.

"ನೋಡೋಣ ಅನ್ನೂದು ಮಾತಲ್ಲ," ಎಂದಳು. "ನನ್ನ ಗುಡಾರದಾಗ ಬಂದು ಹಾಲು ಕುಡದು ಹೋಗಲಿ. ಆಮ್ಯಾಲ ಮಾತ ಬೇಕಾಗಿಲ್ಲ."

ಇದು ನಮ್ಮ ಹಟ್ಟಿಯ ಕಟ್ಟಳೆ. ಹಟ್ಟಿಯ ಹಾಲು ಕುಡಿದವನು ಆ ಸುಗ್ಗಿ ಮುಗಿಯುವ ತನಕ ಹಟ್ಟಿ ಕೇಳಿದ್ದನ್ನು ಇಲ್ಲ ಎನ್ನುವ ಹಾಗಿಲ್ಲ. ಹಟ್ಟಿಯೂ ಅವನಿಗೆ ಇಲ್ಲ ಎನ್ನುವ ಹಾಗಿಲ್ಲ. ಉಗರಗೋಳದ ಹತ್ತಿರ ಒಬ್ಬ ರೈತ ಅಪ್ಪನ ಕೈಯಿಂದ ಹಾಲು ಕುಡಿದು ಎದ್ದ ಮೇಲೆ ನಮ್ಮ ಕುರಿ ತನ್ನ ಜೋಳದ ಮೂಲೆಯೊಂದನ್ನು ಬೋಳಿಸಿದ್ದು ಕಂಡ. ಹಲ್ಲು ಕಡಿದು, ಅಪ್ಪನ ಏಳು ತಲೆಮಾರನ್ನು ಬೈದು, ಆದರೆ ಕೈ ಎತ್ತದೆ ಹೋದ. ಹಳೆಯ ರೈತರಿಗೆ ಇದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಜಗಳದ ಮನಸ್ಸಿದ್ದವರು ನಮ್ಮ ಹಾಲು ಮುಟ್ಟುತ್ತಿರಲಿಲ್ಲ.

ಗುಡಾರ ಹಾಕುವ ದಿನ ದೊಡ್ಡ ರಂಪ. ಅಣ್ಣ ಬಿದಿರು ಬಗ್ಗಿಸಿ ದುಂಡಗೆ ನಿಲ್ಲಿಸಿದ. ಅವ್ವ ಹುಣಸೆಬೀಜದ ಗಂಜಿ ಕುಡಿಸಿ ಬಿರುಸು ಮಾಡಿದ ಹದಿನಾಲ್ಕು ಕಂಬಳಿಗಳನ್ನು ಸುತ್ತಿದಳು. ಹೆಡ್‌ಮಾಸ್ತರರು ಪತ್ರಿಕೆ ಹಿಡಿದುಕೊಂಡು ಬಂದು ನೋಡಿದರು. ಚಿತ್ರದಲ್ಲಿ ಬಿಳಿ ಇದೆ, ಇವು ಕರಿ ಇವೆ, ಸ್ವಲ್ಪ ಸುಣ್ಣ ಬಳಿಸೋಣವೇ ಎಂದರು. ಮೊದಲು ನಿಮ್ಮ ಮುಖಕ್ಕೆ ಬಳಿದುಕೊಳ್ಳಿ, ಚಂದ ಕಂಡರೆ ಆಮೇಲೆ ನನ್ನ ಕಂಬಳಿಗೆ ಎಂದಳು ಅವ್ವ. ಅವರು ಕೆಮ್ಮುತ್ತ ಒಳಗೆ ಹೋದರು. ನಾನು ನಗಲಿಲ್ಲ, ನಗಬೇಕಿತ್ತು.

ಪ್ರದರ್ಶನದ ಫಲಕಗಳನ್ನು ನಾನೇ ನನ್ನ ಗುಂಡು ಅಕ್ಷರದಲ್ಲಿ ಬರೆದೆ. ಓದಿ ಹೇಳು ಎಂದಳು ಅವ್ವ. ಮಂಗೋಲರ ಮನೆಗೆ ಬರುವವನು ದೂರದಿಂದಲೇ 'ನಾಯಿ ಹಿಡೀರಿ' ಎಂದು ಕೂಗುತ್ತಾನೆ ಎಂದು ಓದಿದೆ. ಮೊದಲು ಕುರಿ ಹೇಗಿವೆ ಎಂದು ಕೇಳಿ, ಆಮೇಲೆ ಮನೆಯವರು ಹೇಗಿದ್ದಾರೆ ಎಂದು ಕೇಳುತ್ತಾನೆ. ಕೊಟ್ಟ ಹಾಲನ್ನು ಒಲ್ಲೆ ಎನ್ನುವುದು ದೊಡ್ಡ ಅವಮಾನ. ಹಾಲನ್ನು ನೆಲಕ್ಕೆ ಚೆಲ್ಲುವುದಿಲ್ಲ. ಅವ್ವ ಒಂದೊಂದಕ್ಕೂ ಹೂಂ ಎಂದಳು. ಕುದುರೆಯ ಹಾಲನ್ನು ಹುಳಿ ಬರಿಸಿ ಕುಡಿಯುತ್ತಾರೆ ಎಂದಾಗ ಮಾತ್ರ ಮುಖ ಕಿವಿಚಿದಳು.

"ಅವರೂ ನಮ್ಮಂಗ ಅದಾರ ಹಂಗಾರ," ಎಂದಳು. "ಅಲ್ಲಿ ಹಾದಿ ಯಾರು ಕಟ್ಟತಾರ?"

ಅಲ್ಲಿ ಬೇಲಿಗಳಿಲ್ಲವಂತೆ ಎಂದೆ. ಸುಳ್ಳು ಬರೆದಿದ್ದಾರೆ ಎಂದು ಎದ್ದಳು.

ಪ್ರದರ್ಶನದ ಮುನ್ನಾದಿನ ಚೇರಮನ್ನರು ನನ್ನನ್ನು ಮನೆಗೆ ಕರೆಸಿದರು. ಪಡಸಾಲೆಯ ಕಂಬಕ್ಕೆ ಒರಗಿ, ದನಿ ಏರಿಸದೆ ಮಾತಾಡುವ ಮನುಷ್ಯ. ಇನ್ಸ್‌ಪೆಕ್ಟರರ ಎದುರಿಗೆ ಹಾಲು ಕುಡಿಯದಿದ್ದರೆ ಚಂದ ಕಾಣುವುದಿಲ್ಲ, ಫಲಕದಲ್ಲಿ ನೀವೇ ಬರೆದಿದ್ದೀರಿ ಎಂದರು. ಕುಡಿದರೆ ತಮ್ಮ ಮನೆಯಲ್ಲಿ ನಡೆಯುವುದಿಲ್ಲ, ಅದು ಮಾಂಸ ಕುದಿಸುವ ಗಡಿಗೆ ಎಂದರು. ನೀವು ಶಾಣ್ಯಾರಿದ್ದೀರಿ, ನೀವೇ ಹಾದಿ ಹೇಳಿ ಎಂದರು.

ಹಾದಿ ಹೇಳಿದವಳು ನಾನೇ. ಇದನ್ನು ಅವರ ತಲೆಗೆ ಕಟ್ಟುವ ಆಸೆ ಬಹಳ ವರ್ಷ ಇತ್ತು, ಆದರೆ ಆಗಲಾರದು. ಹಾಲು ನಿಮ್ಮ ಮನೆಯದೇ ಇರಲಿ, ನಿಮ್ಮ ತಂಬಿಗೆಯಲ್ಲೇ ಬರಲಿ, ಕೈ ಮಾತ್ರ ನಮ್ಮವ್ವನದು ಇರಲಿ ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರು ನಕ್ಕು, ತಲೆ ಐತಿ ನಿಮಗ ಎಂದರು. ಆ ಹೊಗಳಿಕೆಗೆ ನಾನು ಉಬ್ಬಿದೆ, ಥೂ.

ಅವ್ವನಿಗಾಗಿಯೇ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನೂರು ಜನರ ಎದುರಿಗೆ ಕುಡಿದವನು ದಾರಿ ಇಲ್ಲ ಎನ್ನಲಾರ, ಯಾರ ಎಮ್ಮೆಯದಾದರೇನು, ಹಾಲು ಹಾಲೇ. ಆದರೆ ಇನ್ನೊಂದೂ ಇತ್ತು. ಬೋರ್ಡಿಂಗಿನ ಮೊದಲ ವರ್ಷ ಅಪ್ಪ ತಂದುಕೊಟ್ಟ ಕುರಿಹಾಲಿಗೆ ಹುಡುಗಿಯರು ಮೂಗು ಮುಚ್ಚಿಕೊಂಡಿದ್ದರು. ಅಂದಿನಿಂದ ನಾನೇ ಅದನ್ನು ಬಿಟ್ಟಿದ್ದೆ. ಚೇರಮನ್ನರು ನಮ್ಮ ಹಾಲಿನ ವಾಸನೆಗೆ ಮೂಗು ಮುಚ್ಚುವುದು ತಪ್ಪಿತಲ್ಲ ಎಂದು ನನಗೆ ಹಾಯೆನಿಸಿತು.

ಮರುದಿನ ಅವ್ವ ಇದ್ದುದರಲ್ಲಿ ಹೊಸ ಇಳಕಲ್ ಸೀರೆ ಉಟ್ಟು ಗುಡಾರದಲ್ಲಿ ಕುಳಿತಳು. ನೀರಡಿಸಿದ ಕುರಿಗಳ ಕೆಚ್ಚಲಲ್ಲಿ ಹಾಲೆಲ್ಲಿ? ಐದಾರು ಕುರಿ ಹಿಂಡಿ, ಮರಿಗಳ ಬಾಯಿಂದ ಕಿತ್ತು, ಅರ್ಧ ಗಡಿಗೆ ಮಾಡಿದ್ದಳು. ಬಿಸಿ ಮಾಡಿ ತರುತ್ತೇನೆ ಎಂದು ನಾನು ಗಡಿಗೆಯನ್ನು ಸ್ಟಾಫ್ ರೂಮಿಗೆ ಒಯ್ದೆ. ಅಲ್ಲಿ ಚೇರಮನ್ನರ ಮನೆಯ ಹಿತ್ತಾಳೆ ತಂಬಿಗೆ, ಮೇಲೆ ಮುಚ್ಚಳ, ಕಾಯುತ್ತಿತ್ತು. ಗಡಿಗೆಯ ಹಾಲನ್ನು ಏನು ಮಾಡುವುದು? ಚೆಲ್ಲುವುದಕ್ಕೆ ಕೈ ಬರಲಿಲ್ಲ. ಬಾಗಿಲು ಮರೆಗೆ ನಿಂತು ಗಟಗಟನೆ ಅಷ್ಟನ್ನೂ ಕುಡಿದೆ. ಅದು ಗಟ್ಟಿಯಾಗಿತ್ತು, ಹೊಟ್ಟೆಯೊಳಗಿಂದ ತೊರಗಲ್ಲಿನ ಗುಡ್ಡದ ವಾಸನೆ ಬಂತು. ಬಾಯಿಗೆ ಎರಡು ಏಲಕ್ಕಿ ಹಾಕಿಕೊಂಡು ತಂಬಿಗೆ ಹಿಡಿದು ಹೋದೆ. ದೊಡ್ಡವರಿಗೆ ಗಡಿಗೆ ಚಂದ ಕಾಣುವುದಿಲ್ಲ, ತಂಬಿಗೆಗೆ ಹಾಕಿದ್ದೇನೆ ಎಂದೆ. ಅವ್ವ ಮುಚ್ಚಳ ತೆಗೆದು ನೋಡಲಿಲ್ಲ. ಮಗಳ ಕೈಯಿಂದ ಬಂದದ್ದನ್ನು ಯಾರು ತೆಗೆದು ನೋಡುತ್ತಾರೆ?

ಹೆಡ್‌ಮಾಸ್ತರರು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ನಾಯಿ ಹಿಡೀರಿ ಎಂದು ನಾಟಕದ ದನಿಯಲ್ಲಿ ಕೂಗಿದರು. ಚೇರಮನ್ನರು ತಲೆ ಬಗ್ಗಿಸಿ ಒಳಗೆ ಬಂದು ಕುಳಿತರು. ಕುರಿ ಹೆಂಗದಾವು ಎಂದು ಫಲಕದಂತೆಯೇ ಕೇಳಿದರು. ನೀರಡಿಸ್ಯಾವ್ರಿ ಎಂದಳು ಅವ್ವ, ಎರಡೂ ಕೈಯಲ್ಲಿ ತಂಬಿಗೆ ಕೊಟ್ಟಳು. ಅವರು ಮುಚ್ಚಳ ತೆಗೆದು, ಎತ್ತಿ, ಒಂದು ಹನಿ ಉಳಿಸದೆ ಕುಡಿದರು. ಚಪ್ಪಾಳೆ ಬಿತ್ತು. ಇನ್ಸ್‌ಪೆಕ್ಟರರು ಬಹಳ ಮೆಚ್ಚಿ ವಹಿಯಲ್ಲಿ ಏನೋ ಬರೆದರು.

ಎಲ್ಲರೂ ಹೋದ ಮೇಲೆ ಅವ್ವ ನನ್ನ ಗಲ್ಲ ಮುಟ್ಟಿ ನೆಟಿಗೆ ಮುರಿದಳು. ನಾನು ದೊಡ್ಡವಳಾದ ಮೇಲೆ ಅವಳು ಹಾಗೆ ಮಾಡಿದ್ದು ಅದೊಂದೇ ಸಲ. ಸಾಲಿ ಕಲಿತದ್ದು ಸಾರ್ಥಕ ಆತು ಎಂದಳು. ನನಗೆ ಏಲಕ್ಕಿಯ ತೇಗು ಬಂತು.

ಮಾರನೆಯ ಬೆಳಿಗ್ಗೆ ಅವ್ವ ಯಾರನ್ನೂ ಕೇಳಲಿಲ್ಲ. ಕೇಳುವ ಕಾರಣವೇ ಇರಲಿಲ್ಲ, ಮನುಷ್ಯ ಹಾಲು ಕುಡಿದಿದ್ದನಲ್ಲ. ಮುಳ್ಳು ಸರಿಸಿ ಕುರಿಗಳನ್ನು ಬಂಡಿದಾರಿಗೆ ಬಿಟ್ಟಳು. ಅರ್ಧ ದಾರಿ ಇಳಿಯುವುದರೊಳಗೆ ಆಳುಗಳು ಬಡಿಗೆ ಹಿಡಿದು ಬಂದು ಎಡಬಲ ಬಡಿದರು. ಮುಂದೆ ನಡೆಯುವ ದೊಡ್ಡ ಟಗರಿನ ಕಾಲು ಮುರಿಯಿತು. ನೀರಿನ ವಾಸನೆ ಸಿಕ್ಕಿದ್ದ ಹಿಂಡನ್ನು ಹಿಂದಕ್ಕೆ ಹೊರಳಿಸಿದರು. ಅವ್ವ ಬದುವಿನ ಮೇಲೆ ನಿಂತಿದ್ದ ಚೇರಮನ್ನರಿಗೆ, ನಿನ್ನೆ ಹಾಲು ಕುಡಿದು ಇವತ್ತು ಹೊಡೆಸುತ್ತೀರಾ ಎಂದು ಕೇಳಿದಳಂತೆ. ನಾನು ಕುಡಿದದ್ದು ನಮ್ಮ ಎಮ್ಮೆಯ ಹಾಲು, ಬೇಕಾದರೆ ನಿನ್ನ ಮಗಳನ್ನು ಕೇಳು ಎಂದರಂತೆ ಅವರು, ದನಿ ಏರಿಸದೆ. ಇದನ್ನು ನನಗೆ ಅಣ್ಣ ಆಮೇಲೆ ಹೇಳಿದ.

ನಾನು ಒಂಬತ್ತನೆಯ ಇಯತ್ತೆಗೆ ಪಾಠ ಹೇಳುತ್ತಿದ್ದೆ. ಅವ್ವ ಸೀದಾ ವರ್ಗದೊಳಕ್ಕೆ ಬಂದಳು. ಕಾಲಿಗೆ ಮುಳ್ಳು ಗೀರಿ ರಕ್ತ ಬಂದಿತ್ತು. ನಲವತ್ತು ಹುಡುಗರು ಹುಡುಗಿಯರು ಎದ್ದು ನಿಂತರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

"ನಿನ್ನಿ ಅವ ಕುಡದ ಹಾಲು ಯಾರದು?"

"ಅವರ ಮನೀದು," ಎಂದೆ.

"ನಂದು ಏನ್ ಮಾಡಿದಿ?"

"ನಾ ಕುಡದೆ."

ಅವಳು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು, ತಿರುಗಿ ಕೂಗಾಡಬಹುದಿತ್ತು. ಅವಳು ಹೊಡೆಯದಿದ್ದರೂ ನಾನು ಕೂಗಾಡಿದೆ. ನಿನ್ನ ಕುರಿಗಾಗಿಯೇ ಮಾಡಿದೆ, ನಿನ್ನ ಗಡಿಗೆಯ ಹಾಲನ್ನು ಅವನು ಸತ್ತರೂ ಕುಡಿಯುತ್ತಿರಲಿಲ್ಲ, ಈ ಹಾಲು ನೀರಿನ ಕಟ್ಟಳೆ ಈಗ ಯಾರಿಗೆ ಬೇಕಾಗಿದೆ ಎಂದೆ. ಅವಳು ನಾನು ಮುಗಿಸುವ ತನಕ ಕಾದಳು.

"ಕುಡೀಲಿಲ್ಲಂದ್ರ ಕುಡೀಲಿಲ್ಲ ಅಂತ ನನಗ ತಿಳೀತಿತ್ತು. ಮುಳ್ಳಿಗೆ ಕೈ ಹಚ್ಚತಿದ್ದಿಲ್ಲ," ಎಂದಳು. "ಈಗ ಅವಂದೇನೂ ತಪ್ಪಿಲ್ಲ. ನನ್ನ ಹಟ್ಟಿ ಹಾಲು ಕುಡದಾಕಿ ನೀನು. ಹಾದಿ ನೀ ಕೊಡು."

ನನಗೆ ಎಲ್ಲಿಯ ಹೊಲ, ಎಲ್ಲಿಯ ಹಾದಿ? ಹಾಗೆಂದೆ. ಅವಳು ಕದಲಲಿಲ್ಲ. ಹಟ್ಟಿಯ ಬಾಗಿಲಿಗೆ ಬಂದ ಪರಕೀಯನೊಬ್ಬನನ್ನು ನೋಡುವಂತೆ ನನ್ನನ್ನು ನೋಡುತ್ತ ನಿಂತೇ ಇದ್ದಳು. ನಾನು ಸೀಮೆಸುಣ್ಣ ಮೇಜಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ವರಾಂಡದಲ್ಲಿ ಹೆಡ್‌ಮಾಸ್ತರರು ಅಡ್ಡ ಬಂದರು. ಪಾಠ ಬಿಟ್ಟು ಎಲ್ಲಿಗೆ ಹೊರಟಿದ್ದೀರಿ ಎಂದರು.

"ಮಂಗೋಲಿಯಾಕ್ಕ ಹೊಂಟೇನ್ರಿ, ಸರ," ಎಂದೆ.

ಗುಡಾರದ ಕಂಬಳಿಗಳನ್ನು ಕಿತ್ತು ತಟ್ಟಿನ ಮೇಲೆ ಹೇರಿದೆವು. ನನ್ನ ಫಲಕಗಳು ಅಲ್ಲೇ ನಿಂತವು. ಮರಿಗಳನ್ನು ಜೋಳಿಗೆಗೆ ತುಂಬಿದೆವು, ಟಗರನ್ನು ಅಣ್ಣ ಹೆಗಲ ಮೇಲೆ ಹೊತ್ತ. ನಾನು ಮುಂದೆ, ಇಸ್ತ್ರಿಯ ಸೀರೆ, ಕೈಯಲ್ಲಿ ತಟ್ಟಿನ ಹಗ್ಗ. ಮುನವಳ್ಳಿಯ ಡಾಂಬರು ರಸ್ತೆ ಹಿಡಿದೆವು.

ಆ ದಿನ ನಾನು ಆಡಿದಷ್ಟು ಜಗಳ ಜನ್ಮದಲ್ಲಿ ಆಡಿಲ್ಲ. ಬಸ್ಸಿನ ಡ್ರೈವರ್ ಹಾರ್ನ್ ಒತ್ತಿದರೆ ರಸ್ತೆಯ ನಡುವೆಯೇ ನಿಂತು ಅವನನ್ನು ಇಳಿಸಿ ಬೈದೆ. ಒಂದು ಬದುವಿನಲ್ಲಿ ಇಬ್ಬರು ಬಡಿಗೆ ಹಿಡಿದು ಬಂದರು. ಜಂಪರಿನಿಂದ ಪೆನ್ನು ತೆಗೆದು, ನಿಮ್ಮ ಹೆಸರು, ನಿಮ್ಮಪ್ಪನ ಹೆಸರು, ಸರ್ವೆ ನಂಬರು ಹೇಳಿ, ಮಾಮಲೇದಾರರಿಗೆ ಬರೆಯುತ್ತೇನೆ ಎಂದೆ. ಬಡಿಗೆಗೆ ಹೆದರದ ಕುರಿಗಾರರನ್ನು ಕಂಡವರು, ಪೆನ್ನು ಹಿಡಿದ ಕುರಿಗಾರತಿಯನ್ನು ಕಂಡಿರಲಿಲ್ಲ. ಯಾರು ನೀವು ಎಂದು ಒಬ್ಬ ಬಹುವಚನದಲ್ಲಿ ಕೇಳಿದ. ಈ ಕುರಿಗಳ ಮನೆಯವಳು ಎಂದೆ. ಬಾಯಿಬಿಟ್ಟು ಹಾಗೆ ಹೇಳಿದ್ದು ಅದೇ ಮೊದಲು. ಹಿಂದೆ ತಿರುಗಿ ನೋಡಿದೆ. ಅವ್ವ ಕೇಳಿಸಿಕೊಂಡಳೋ ಇಲ್ಲವೋ, ಕುಂಟುವ ಕುರಿಯೊಂದನ್ನು ದಾಟಿಸುತ್ತಿದ್ದಳು.

ಹೊತ್ತು ಇಳಿಯುವ ಮುಂಚೆ ಹಿನ್ನೀರು ಕಂಡಿತು. ಕುರಿಗಳು ಒಮ್ಮೆಲೇ ಒದರಿ ಓಡಿದವು. ಮೊಣಕಾಲ ತನಕ ಇಳಿದು, ತಲೆ ಎತ್ತದೆ ಕುಡಿದವು. ಕೂಗಿ ಕೂಗಿ ನನ್ನ ದನಿ ಬಿದ್ದುಹೋಗಿತ್ತು, ಚಪ್ಪಲಿ ಹರಿದಿತ್ತು, ಸೀರೆಯ ಅಂಚೆಲ್ಲ ಕೆಸರು. ನನಗೆ ಒಳಗೊಳಗೇ ಜಂಬ ಬಂದಿತ್ತು. ದಾರಿಯುದ್ದಕ್ಕೂ ಒಂದು ಮಾತೂ ಆಡದ ಅವ್ವ ಈಗ ಏನಾದರೂ ಅನ್ನುತ್ತಾಳೆ, ಬೈದಾದರೂ ಬೈಯುತ್ತಾಳೆ ಎಂದು ದಂಡೆಯ ಕಲ್ಲಿನ ಮೇಲೆ ಕುಳಿತೆ.

ಅವಳು ಕೊನೆಯ ಕುರಿ ಕುಡಿದು ಮೇಲೆ ಬರುವ ತನಕ ನಿಂತು ಎಣಿಸಿದಳು. ಆಮೇಲೆ ನನ್ನ ಕೈಯಿಂದ ತಟ್ಟಿನ ಹಗ್ಗ ತೆಗೆದುಕೊಂಡಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಬೇರೆ ಊರಿನವರೊಡನೆ ಮಾತಾಡುವ ದನಿ ಅದು.

"ಹಾಲಿನ ಋಣ ತೀರಿತು," ಎಂದಳು. "ಇನ್ನ ನೀವು ಹೋಗ್ರಿ."

ನಾನು ನಿನ್ನ ಮಗಳು ಎಂದು ನೆನಪಿಸಬೇಕೆಂದು ಬಾಯಿ ತೆರೆದೆ. ನೆನಪಿಸಲಿಲ್ಲ. ಅವಳು ಮರೆತು ಹಾಗೆ ಅಂದಿರಲಿಲ್ಲ.